ಚಹಾ, ಮಳೆ, ಸಾರಿ: ಬ್ರಿಟಿಷರ ಬಗ್ಗೆ ಕೇಳಿದ್ದರಲ್ಲಿ ನಿಜ ಎಷ್ಟು?

1990ರ ಜುಲೈ 4ರ ರಾತ್ರಿ ಫುಟ್‌ಬಾಲ್ ವಿಶ್ವಕಪ್ಪಿನ ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್ ತಂಡ ಪಶ್ಚಿಮ ಜರ್ಮನಿಗೆ ಪೆನಾಲ್ಟಿ ಒದೆತಗಳಲ್ಲಿ ಸೋತಿತು. ಕೊನೆಯ ಒದೆತದ ಚೆಂಡು ಗೋಲುಕಂಬದ ಮೇಲೆ ಹಾರಿಹೋಗಿದ್ದೇ ತಡ, ಬ್ರಿಟನ್ನಿನ ವಿದ್ಯುತ್ ಜಾಲದ ಮೇಲೆ ಒಮ್ಮೆಲೇ 2,800 ಮೆಗಾವಾಟ್ ಹೆಚ್ಚುವರಿ ಬೇಡಿಕೆ ಬಂದು ಬಿತ್ತು. ನಮ್ಮ ಶರಾವತಿ ವಿದ್ಯುದಾಗಾರದ ಪೂರ್ತಿ ಸಾಮರ್ಥ್ಯ 1,035 ಮೆಗಾವಾಟ್. ಅಂಥ ಎರಡೂವರೆಗೂ ಮೀರಿದಷ್ಟು ಶರಾವತಿಗಳು ಕೆಲವೇ ನಿಮಿಷಗಳಲ್ಲಿ ಬೇಕಾದವು. ಟಿ.ವಿ. ಮುಂದೆ ಕೂತಿದ್ದವರು ಎದ್ದರು, ದೀಪ ಹಾಕಿದರು, ಅಡುಗೆಮನೆಗೆ ಹೋಗಿ ಎಲೆಕ್ಟ್ರಿಕ್ ಕೆಟಲ್‌ನ ಗುಂಡಿ ಒತ್ತಿದರು. ಅಷ್ಟೇ ಆಗಿದ್ದು.

ಅಲ್ಲಿಯ ಗೋಡೆಯ ಪ್ಲಗ್ಗಿನೊಳಗೆ 13 ಆಂಪಿಯರ್ ಫ್ಯೂಸ್ ಇರುತ್ತದೆ, ವಿದ್ಯುತ್ತು 230 ವೋಲ್ಟ್. ಗುಣಿಸಿದರೆ ಸುಮಾರು 3,000 ವಾಟ್. ಹಾಗಾಗಿ ಮನೆಯ ಕೆಟಲ್‌ಗಳು ಆ ಮಿತಿಯವರೆಗೂ ಬಲವಾಗಿರುತ್ತವೆ, ಒಂದು ಲೀಟರ್ ನೀರು ಎರಡೂಕಾಲು ನಿಮಿಷದ ಆಸುಪಾಸಿನಲ್ಲಿ ಕುದಿಯುತ್ತದೆ. ಇಂಥ ಸುಮಾರು ಒಂಬತ್ತು ಲಕ್ಷ ಕೆಟಲ್‌ಗಳು ಒಟ್ಟಿಗೆ ಹೊತ್ತಿಕೊಂಡರೆ 2,800 ಮೆಗಾವಾಟ್ ಆಯಿತು. ವಿದ್ಯುತ್ ಎಂಜಿನಿಯರುಗಳು ಇದಕ್ಕೆ 'ಟಿವಿ ಪಿಕಪ್' ಎಂದು ಹೆಸರಿಟ್ಟಿದ್ದಾರೆ. ಇದನ್ನು ನಿಭಾಯಿಸುವುದರಲ್ಲಿ ವೇಲ್ಸ್‌ನ ಬೆಟ್ಟವೊಂದರ ಹೊಟ್ಟೆಯಲ್ಲಿರುವ ಡಿನಾರ್ವಿಗ್ ಜಲವಿದ್ಯುತ್ ಕೇಂದ್ರದ ಪಾತ್ರ ದೊಡ್ಡದು. ರಾತ್ರಿ ಅಗ್ಗದ ವಿದ್ಯುತ್ತಿನಲ್ಲಿ ನೀರನ್ನು ಮೇಲಿನ ಕೆರೆಗೆ ಎತ್ತಿಟ್ಟುಕೊಂಡು, ಬೇಕಾದಾಗ ಕೆಳಗೆ ಬಿಡುತ್ತಾರೆ. ಟರ್ಬೈನುಗಳನ್ನು ಮೊದಲೇ ಖಾಲಿ ತಿರುಗಿಸಿಟ್ಟಿದ್ದರೆ ಸೊನ್ನೆಯಿಂದ 1,320 ಮೆಗಾವಾಟ್‌ಗೆ ಏರಲು 12 ಸೆಕೆಂಡು ಸಾಕು.

ಹಾಗಾದರೆ ಬ್ರಿಟಿಷರು ಚಹಾಪ್ರಿಯರು ಎನ್ನುವ ಮಾತು ನಿಜವೇ? ನಿಜ. ಆದರೆ ನಾವು ಕಲ್ಪಿಸಿಕೊಂಡ ರೀತಿಯಲ್ಲಿ ಅಲ್ಲ. ಅಲ್ಲಿಯ ಚಹಾ ಉದ್ಯಮದವರ ಲೆಕ್ಕದಂತೆ ದಿನಕ್ಕೆ 10 ಕೋಟಿ ಕಪ್ ಖರ್ಚಾಗುತ್ತದೆ. ಆರೂಮುಕ್ಕಾಲು ಕೋಟಿ ದಾಟಿದ ಜನಸಂಖ್ಯೆಗೆ ಹಂಚಿದರೆ ತಲೆಗೆ ಒಂದೂವರೆ ಕಪ್ಪಿನಷ್ಟೂ ಬರುವುದಿಲ್ಲ. ತಲಾವಾರು ಲೆಕ್ಕದಲ್ಲಿ ಟರ್ಕಿಯವರೂ ಐರ್ಲೆಂಡಿನವರೂ ಇವರಿಗಿಂತ ಮುಂದಿದ್ದಾರೆ. ಕಾಫಿಯೂ ಈಗ ಚಹಾದ ಹತ್ತಿರಕ್ಕೇ ಬಂದಿದೆ. ಮೂರು ಅಂತಸ್ತಿನ ತಟ್ಟೆ, ಪಿಂಗಾಣಿ ಕಪ್ಪು, ಕಿರುಬೆರಳು ಎತ್ತಿ ಹಿಡಿದ ಹೆಂಗಸರು, ಇದೆಲ್ಲ ಹೋಟೆಲುಗಳು ಪ್ರವಾಸಿಗರಿಗೂ ಹುಟ್ಟುಹಬ್ಬದವರಿಗೂ ಇಟ್ಟುಕೊಂಡ ಏರ್ಪಾಡು. ಮನೆಯಲ್ಲಿ ನಡೆಯುವುದು ಇಷ್ಟು: ದಪ್ಪ ಮಗ್ಗಿನಲ್ಲಿ ಒಂದು ಟೀ ಬ್ಯಾಗ್, ಮೇಲೆ ಕುದಿಯುವ ನೀರು, ಮೂರು ನಾಲ್ಕು ನಿಮಿಷ ಬಿಡುವುದು, ಬ್ಯಾಗ್ ತೆಗೆದು ಒಂದಿಷ್ಟು ತಣ್ಣನೆಯ ಹಾಲು. ಸೊಪ್ಪು ಹೆಚ್ಚಾಗಿ ಕೀನ್ಯಾದ್ದು. ಹಾಲಿನಲ್ಲೇ ಕುದಿಸಿ, ಸಕ್ಕರೆ ಹಾಕಿ, ಶುಂಠಿ ಜಜ್ಜುವ ನಮ್ಮ ಚಹಾ ಕುಡಿದು ಬೆಳೆದವರಿಗೆ ಇದು ನೀರುನೀರಾಗಿ ಕಾಣುತ್ತದೆ. ಅದಕ್ಕೆ ಸಾಮಾನ್ಯ ಕಾರಣ ಅವಸರ. ನೀರು ಹಾಕಿದ ಅರ್ಧ ನಿಮಿಷಕ್ಕೇ ಬ್ಯಾಗ್ ಎತ್ತಿಬಿಟ್ಟರೆ, ಅಥವಾ ಬ್ಯಾಗ್ ಇರುವಾಗಲೇ ಹಾಲು ಸುರಿದು ನೀರನ್ನು ತಣಿಸಿದರೆ ಸೊಪ್ಪಿನ ಸತ್ವ ಇಳಿಯುವುದಿಲ್ಲ. ಚಹಾ ರುಚಿ ನೋಡುವವರಿಗೆಂದು 1980ರಲ್ಲಿ ಬಂದ ಅಂತರರಾಷ್ಟ್ರೀಯ ಮಾನಕ ಐಎಸ್ಒ 3103 ಹುಟ್ಟಿದ್ದೇ ಬ್ರಿಟಿಷ್ ಮಾನಕವೊಂದರಿಂದ. ಅದರ ಪ್ರಕಾರ 100 ಮಿಲಿಲೀಟರ್ ನೀರಿಗೆ 2 ಗ್ರಾಂ ಸೊಪ್ಪು, ಆರು ನಿಮಿಷ.

ಈ ಅಭ್ಯಾಸ ಜನಸಾಮಾನ್ಯರಿಗೆ ಹಬ್ಬಿದ್ದರಲ್ಲಿ ತೆರಿಗೆಯ ಪಾಲು ದೊಡ್ಡದು. 17ನೇ ಶತಮಾನದಲ್ಲಿ ಲಂಡನ್ನು ಕಾಫಿಮನೆಗಳ ಊರು, ಚಹಾ ದುಬಾರಿ ಪದಾರ್ಥ. 1784ರಲ್ಲಿ ಚಹಾದ ಮೇಲಿನ ಸುಂಕವನ್ನು ಶೇ 119ರಿಂದ ಶೇ 12.5ಕ್ಕೆ ಇಳಿಸಿದರು. ಕಳ್ಳಸಾಗಣೆ ಬಿದ್ದುಹೋಯಿತು, ಚಹಾ ಬಡವರ ಮನೆಗೂ ಬಂತು.

ಒಂದು ಎಚ್ಚರಿಕೆ. ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರ್, ಲ್ಯಾಂಕಾಷೈರ್ ಕಡೆಯ ಮನೆಗಳಲ್ಲಿ 'ಟೀ' ಎಂದರೆ ರಾತ್ರಿಯ ಊಟ. "ಸಂಜೆ ಆರಕ್ಕೆ ಟೀಗೆ ಬನ್ನಿ" ಎಂದು ಸಹೋದ್ಯೋಗಿ ಕರೆದರೆ ಹೊಟ್ಟೆ ತುಂಬ ತಿಂದು ಹೋಗಬೇಡಿ. ಮಾಂಸ ತಿನ್ನುವುದಿಲ್ಲವಾದರೆ ಎರಡು ದಿನ ಮೊದಲೇ ಹೇಳಿಬಿಡಿ. ಅವರು ಅಡುಗೆ ಮಾಡಿ ಕಾಯುತ್ತಿರುತ್ತಾರೆ.

ಯಾರ ಮಾತು, ಯಾವ ಕಾಲದ್ದು

ಬ್ರಿಟಿಷರ ಬಗೆಗಿನ ಬಹುಪಾಲು ಮಾತುಗಳನ್ನು ಹೀಗೇ ಬಿಡಿಸಿ ನೋಡಬೇಕು. ಪ್ರತಿಯೊಂದರ ಹಿಂದೆಯೂ ನಿಜವಾದ ಒಂದು ಸಂಗತಿ ಇದೆ. ಆದರೆ ಅದು ಒಂದು ಕಾಲದ್ದು, ಒಂದು ವರ್ಗದ್ದು, ಹೆಚ್ಚಾಗಿ ಲಂಡನ್ನಿನ ಸುತ್ತಲಿನ ದಕ್ಷಿಣ ಇಂಗ್ಲೆಂಡಿನದ್ದು. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್ ಸೇರಿ ಯುನೈಟೆಡ್ ಕಿಂಗ್‌ಡಮ್. ಸ್ಕಾಟ್ಲೆಂಡಿನ ಗ್ಲಾಸ್ಗೋದವರನ್ನು 'ಇಂಗ್ಲಿಷರು' ಎಂದು ಕರೆದರೆ ತಪ್ಪಷ್ಟೇ ಅಲ್ಲ, ಅವರಿಗೆ ಬೇಸರವೂ ಆಗುತ್ತದೆ. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು ಆರು ಜನರಲ್ಲಿ ಒಬ್ಬರು ಹೊರದೇಶದಲ್ಲಿ ಹುಟ್ಟಿದವರು. ಅವರಲ್ಲಿ ಅತಿ ದೊಡ್ಡ ಗುಂಪು ಭಾರತದಲ್ಲಿ ಹುಟ್ಟಿದವರದು, 9 ಲಕ್ಷಕ್ಕೂ ಹೆಚ್ಚು. ಥೇಮ್ಸ್ ದಂಡೆಯ ಲ್ಯಾಂಬೆತ್‌ನಲ್ಲಿ, ನದಿಯಾಚೆಗೆ ಪಾರ್ಲಿಮೆಂಟ್ ಕಾಣುವ ಜಾಗದಲ್ಲಿ, 2015ರ ನವೆಂಬರ್ 14ರಿಂದ ಬಸವಣ್ಣನವರ ಪ್ರತಿಮೆ ನಿಂತಿದೆ. ಬೌಲರ್ ಟೋಪಿ, ಮಡಿಸಿದ ಛತ್ರಿ ಹಿಡಿದ ಬಿಳಿಯ ಮನುಷ್ಯ ಈ ದೇಶದ ಚಿತ್ರವಾಗಿ ಉಳಿದಿಲ್ಲ. ಆ ಟೋಪಿಯನ್ನು 1849ರಲ್ಲಿ ಮಾಡಿಸಿದ್ದೂ ಕಚೇರಿಯ ಸಾಹೇಬರಿಗಲ್ಲ, ಜಮೀನುದಾರರ ಕಾಡು ಕಾಯುವವರಿಗೆ, ಮರದ ಕೊಂಬೆ ತಲೆಗೆ ತಾಗದಿರಲೆಂದು.

ಮಳೆಯ ಮಾತಿಗೆ ಬರೋಣ. ಲಂಡನ್ನಿಗೆ ವರ್ಷಕ್ಕೆ ಬೀಳುವುದು ಸುಮಾರು 600 ಮಿಲಿಮೀಟರ್. ಹೆಚ್ಚೂಕಡಿಮೆ ನಮ್ಮ ವಿಜಯಪುರದಷ್ಟು. ಬೆಂಗಳೂರಿಗೆ 900 ಮಿಲಿಮೀಟರಿಗೂ ಹೆಚ್ಚು, ಆಗುಂಬೆಗೆ 7,000ಕ್ಕೂ ಮೇಲೆ. ವ್ಯತ್ಯಾಸ ಇರುವುದು ಹಂಚಿಕೆಯಲ್ಲಿ. ನಮ್ಮಲ್ಲಿ ಒಂದು ಸಂಜೆ ಧೋ ಎಂದು ಸುರಿದು ಹೋಗುವಷ್ಟು ನೀರನ್ನು ಅಲ್ಲಿ ಹತ್ತು ದಿನ ಜಿಟಿಜಿಟಿ ಮಾಡಿ ಉದುರಿಸುತ್ತದೆ. ವರ್ಷದಲ್ಲಿ ಸುಮಾರು 110 ದಿನ ಒಂದಿಷ್ಟಾದರೂ ಮಳೆ. ಅಟ್ಲಾಂಟಿಕ್ ಸಾಗರದ ಹಸಿಗಾಳಿ ಪಶ್ಚಿಮದ ಬೆಟ್ಟಗಳಿಗೆ ಬಡಿದು ಅಲ್ಲೇ ಹೆಚ್ಚು ಸುರಿಸಿಬಿಡುವುದರಿಂದ ಪೂರ್ವಕ್ಕೆ ಬಂದಂತೆ ಮಳೆ ಕಡಿಮೆ. ಸಹ್ಯಾದ್ರಿಯ ಆಚೆ ಈಚೆ ಆಗುವುದೂ ಇದೇ. ವಾಯವ್ಯ ಇಂಗ್ಲೆಂಡಿನ ಬೆಟ್ಟಸೀಮೆ ಲೇಕ್ ಡಿಸ್ಟ್ರಿಕ್ಟ್‌ನ ಸೀತ್‌ವೇಟ್ ಎಂಬ ಹಳ್ಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ದಾಟುತ್ತದೆ. ಹೋಗುವವರನ್ನು ನಿಜವಾಗಿ ಕಂಗೆಡಿಸುವುದು ಮಳೆಯಲ್ಲ, ಬೆಳಕಿನ ಕೊರತೆ. ಡಿಸೆಂಬರ್ ಕೊನೆಯ ವಾರ ಲಂಡನ್ನಿನಲ್ಲಿ ಬೆಳಿಗ್ಗೆ ಎಂಟಕ್ಕೆ ಸೂರ್ಯ ಹುಟ್ಟಿ ಮಧ್ಯಾಹ್ನ ನಾಲ್ಕಕ್ಕೆ ಮುಳುಗಿರುತ್ತಾನೆ. ಇನ್ನು ಲಂಡನ್ನಿನ ದಟ್ಟ ಮಂಜು ಎಂದು ನಾವು ಕೇಳಿದ್ದು ಬರಿಯ ಮಂಜಲ್ಲ, ಕಲ್ಲಿದ್ದಲ ಹೊಗೆ ಬೆರೆತದ್ದು. 1952ರ ಡಿಸೆಂಬರ್ 5ರಿಂದ 9ರವರೆಗೆ ಕವಿದ ಹೊಗೆಮಂಜಿಗೆ ಸತ್ತವರು 4,000 ಎಂದು ಆಗ ಲೆಕ್ಕ ಹಾಕಿದ್ದರು. ನಂತರದ ಅಧ್ಯಯನಗಳು 12,000ದವರೆಗೂ ಹೇಳಿವೆ. 1956ರಲ್ಲಿ ಶುದ್ಧಗಾಳಿ ಕಾಯ್ದೆ ಬಂತು. ಆ ಮಂಜು ಈಗ ಇಲ್ಲ.

ಅವರು ಹವೆಯ ಬಗ್ಗೆ ಮಾತಾಡುತ್ತಲೇ ಇರುತ್ತಾರೆ ಎನ್ನುವುದು ಮಾತ್ರ ಪೂರ್ತಿ ನಿಜ. ಅದು ಮಾಹಿತಿಗಾಗಿ ಅಲ್ಲ. ನಾವು "ಊಟ ಆಯ್ತಾ?" ಎಂದು ಕೇಳಿದಾಗ ಎದುರಿನವರ ಊಟದ ವಿವರ ಬೇಕಾಗಿರುವುದಿಲ್ಲ ಅಲ್ಲವೇ? ಹಾಗೆಯೇ ಇದು. "ಚಳಿ ಅಲ್ವಾ" ಎಂದರೆ "ಹೌದು, ಚಳಿ" ಎನ್ನಬೇಕು. "ಇಲ್ಲ, ನಿನ್ನೆಗಿಂತ ಎರಡು ಡಿಗ್ರಿ ಜಾಸ್ತಿ ಇದೆ" ಎಂದು ತಿದ್ದಿದರೆ ಮಾತು ಅಲ್ಲೇ ಸಾಯುತ್ತದೆ.

ಸಾಲು

ಸಾಲಾಗಿ ನಿಲ್ಲುವುದು ಅವರ ರಕ್ತದಲ್ಲೇ ಇದೆ ಎನ್ನುವುದು ಉತ್ಪ್ರೇಕ್ಷೆ. ಈ ಹೆಸರು ಗಟ್ಟಿಯಾದದ್ದು ಎರಡನೇ ಮಹಾಯುದ್ಧದ ಪಡಿತರ ಕಾಲದಲ್ಲಿ, ಸರತಿ ಕಾಯುವುದು ನಾಗರಿಕನ ಕರ್ತವ್ಯ ಎಂಬ ಪ್ರಚಾರದೊಂದಿಗೆ. ಅಂಗಡಿಗಳ ಮುಂದೆ ಜಗಳವೂ ಆಗುತ್ತಿತ್ತು. ಆದರೆ ಅಭ್ಯಾಸ ನಿಂತುಬಿಟ್ಟಿತು, ಈಗಲೂ ಇದೆ. 2022ರ ಸೆಪ್ಟೆಂಬರಿನಲ್ಲಿ ರಾಣಿ ಎರಡನೇ ಎಲಿಜಬೆತ್‌ ಅವರ ಅಂತಿಮ ದರ್ಶನಕ್ಕೆ ಸುಮಾರು ಎರಡೂವರೆ ಲಕ್ಷ ಜನ ಬಂದರು. ಥೇಮ್ಸ್ ದಂಡೆಯುದ್ದಕ್ಕೂ ಸೌತ್‌ವಾರ್ಕ್ ಪಾರ್ಕ್‌ನವರೆಗೆ ಸಾಲು ಬೆಳೆಯಿತು, ಕಾಯುವ ಸಮಯ 24 ಗಂಟೆಗೂ ಹೋಯಿತು. ಎಲ್ಲರ ಮಣಿಕಟ್ಟಿಗೂ ಸಂಖ್ಯೆ ಇರುವ ಪಟ್ಟಿ ಕಟ್ಟಿದ್ದರು. ಶೌಚಕ್ಕೋ ನೀರಿಗೋ ಹೋಗಿ ಬಂದರೂ ಜಾಗ ಕಳೆದುಕೊಳ್ಳುವಂತಿರಲಿಲ್ಲ. ಫುಟ್‌ಬಾಲ್ ಆಟಗಾರ ಡೇವಿಡ್ ಬೆಕಮ್ ಕೂಡ 12 ಗಂಟೆಗೂ ಹೆಚ್ಚು ಹೊತ್ತು ಅದೇ ಸಾಲಿನಲ್ಲಿ ನಿಂತರು.

ಹೊಸಬರು ಎಡವುವುದು ಕಾಣದ ಸಾಲಿನಲ್ಲಿ. ಪಬ್ಬಿನ ಕೌಂಟರಿನ ಮುಂದೆ ಯಾರೂ ಒಬ್ಬರ ಹಿಂದೆ ಒಬ್ಬರು ನಿಂತಿರುವುದಿಲ್ಲ, ಅಡ್ಡಡ್ಡ ಹರಡಿಕೊಂಡಿರುತ್ತಾರೆ. ಆದರೂ ಸರದಿ ಇದೆ. ನೀವು ಬರುವ ಮೊದಲೇ ಯಾರು ಯಾರು ಇದ್ದರು ಎಂದು ನೋಡಿಕೊಳ್ಳಬೇಕು. ಕೆಲಸದವರು ನಿಮ್ಮತ್ತ ಮೊದಲು ತಿರುಗಿದರೂ, ಮುಂಚೆ ಬಂದವರತ್ತ ಕೈ ತೋರಿಸಿ "ಇವರದು ಮೊದಲು" ಎನ್ನಬೇಕು. ನೋಟು ಆಡಿಸಿ ಕರೆಯುವುದು, ಚಿಟಿಕೆ ಹೊಡೆಯುವುದು ಅಲ್ಲಿ ಬಹಳ ಕೆಟ್ಟ ನಡವಳಿಕೆ.

ಪಬ್ಬಿನ ಮಾತು ಬಂದಿದ್ದರಿಂದ ಇನ್ನೊಂದನ್ನೂ ಹೇಳಿ ಮುಗಿಸಬಹುದು. ಅವರು ಬೆಚ್ಚಗಿನ ಬಿಯರ್ ಕುಡಿಯುತ್ತಾರೆ ಎನ್ನುವುದು ತಪ್ಪು. 'ಕ್ಯಾಸ್ಕ್ ಏಲ್' ಎಂಬ ಸಾಂಪ್ರದಾಯಿಕ ಬಿಯರು ಪೀಪಾಯಿಯೊಳಗೇ ಇನ್ನೊಮ್ಮೆ ಹುದುಗುತ್ತದೆ. ನೆಲಮಾಳಿಗೆಯಲ್ಲಿ 11ರಿಂದ 13 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟು ಕೈಪಂಪಿನಿಂದ ಮೇಲೆತ್ತಿ ಕೊಡುತ್ತಾರೆ. ಅದಕ್ಕಿಂತ ತಣ್ಣಗಾದರೆ ರುಚಿ ಮುಚ್ಚಿಹೋಗುತ್ತದೆ. ಪೀಪಾಯಿ ತೆರೆದ ಮೇಲೆ ಮೂರು ದಿನದೊಳಗೆ ಖಾಲಿಯಾಗದಿದ್ದರೆ ಹುಳಿಯಾಗುತ್ತದೆ. ಫ್ರಿಜ್ಜಿನಷ್ಟು ತಣ್ಣನೆಯ ಲಾಗರ್ ಬಿಯರ್ ಬೇಕಾದವರಿಗೆ ಅದೂ ಇದೆ, ಹೆಚ್ಚು ಮಾರಾಟವಾಗುವುದೂ ಅದೇ. ನಾಲ್ವರು ಒಟ್ಟಿಗೆ ಹೋದರೆ ಪ್ರತಿ ಸುತ್ತಿಗೂ ಒಬ್ಬರು ಎಲ್ಲರಿಗೂ ಕೊಳ್ಳುತ್ತಾರೆ, ಮುಂದಿನ ಸುತ್ತು ಇನ್ನೊಬ್ಬರದು. ಮದ್ಯ ಮುಟ್ಟದವರೂ ನಿಂಬೆ ಸೋಡಾ ಹಿಡಿದು ಈ ಸುತ್ತಿನಲ್ಲಿ ಸೇರಬಹುದು, ಯಾರೂ ಕೇಳುವುದಿಲ್ಲ. ಮೂವರಿಂದ ಕುಡಿದು ತನ್ನ ಸರದಿ ಬರುವ ಮೊದಲು ಎದ್ದುಹೋದವರನ್ನು ಮಾತ್ರ ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ.

ಹೇಳುವುದೊಂದು, ಅರ್ಥ ಇನ್ನೊಂದು

ಇಷ್ಟೂ ಮಾತುಗಳಲ್ಲಿ ಅತಿ ಹೆಚ್ಚು ನಿಜವಾದದ್ದು, ನಮ್ಮವರಿಗೆ ಅತಿ ಹೆಚ್ಚು ತೊಂದರೆ ಕೊಡುವುದು ಇದು. ಬ್ರಿಟಿಷರು ನೇರವಾಗಿ ಹೇಳುವುದಿಲ್ಲ, ದೊಡ್ಡದನ್ನು ಚಿಕ್ಕದಾಗಿ ಹೇಳುತ್ತಾರೆ.

1982ರ ಜೂನ್ 24ರಂದು ಕೌಲಾಲಂಪುರದಿಂದ ಪರ್ತ್‌ಗೆ ಹೊರಟಿದ್ದ ಬ್ರಿಟಿಷ್ ಏರ್‌ವೇಸ್‌ನ 747 ವಿಮಾನ ಜಾವಾ ದ್ವೀಪದ ಬಳಿ ಗಲುಂಗುಂಗ್ ಜ್ವಾಲಾಮುಖಿಯ ಬೂದಿಯೊಳಗೆ ನುಗ್ಗಿತು. ನಾಲ್ಕೂ ಎಂಜಿನ್‌ಗಳು ನಿಂತವು. ಕ್ಯಾಪ್ಟನ್ ಎರಿಕ್ ಮೂಡಿ ಪ್ರಯಾಣಿಕರಿಗೆ ಹೇಳಿದ್ದರ ಸಾರ ಇದು: ನಮಗೊಂದು ಚಿಕ್ಕ ಸಮಸ್ಯೆ ಎದುರಾಗಿದೆ, ನಾಲ್ಕೂ ಎಂಜಿನ್ ನಿಂತಿವೆ, ಮತ್ತೆ ಚಾಲೂ ಮಾಡಲು ಶಕ್ತಿಮೀರಿ ಪ್ರಯತ್ನಿಸುತ್ತಿದ್ದೇವೆ, ನಿಮಗೆ ಹೆಚ್ಚು ಆತಂಕವಾಗಿಲ್ಲ ಎಂದು ನಂಬಿದ್ದೇನೆ. ವಿಮಾನ ತೇಲುತ್ತಾ ಬೂದಿಯಿಂದ ಕೆಳಗಿಳಿದ ಮೇಲೆ ಎಂಜಿನ್‌ಗಳು ಮತ್ತೆ ಹೊತ್ತಿಕೊಂಡವು, ಜಕಾರ್ತಾದಲ್ಲಿ ಎಲ್ಲರೂ ಬದುಕಿ ಇಳಿದರು. ಆ ಮಾತಿನಲ್ಲಿ ಸುಳ್ಳಿರಲಿಲ್ಲ. ವಿಷಯ ಪೂರ್ತಿ ಹೇಳಿದ್ದರು, ಗಾಬರಿಯನ್ನು ಮಾತ್ರ ಹೊರಗಿಟ್ಟಿದ್ದರು.

ಕೇಳುವವರು ಬೇರೆ ದೇಶದವರಾದರೆ ಇದೇ ರೀತಿ ಜೀವಕ್ಕೆ ಕುತ್ತಾಗಬಹುದು. 1951ರ ಏಪ್ರಿಲ್‌ನಲ್ಲಿ ಕೊರಿಯಾದ ಇಮ್ಜಿನ್ ನದಿ ಕದನದಲ್ಲಿ ಗ್ಲೌಸ್ಟರ್‌ಷೈರ್ ಬೆಟಾಲಿಯನ್ ಚೀನೀ ಪಡೆಗಳ ಮುತ್ತಿಗೆಗೆ ಸಿಕ್ಕಿತ್ತು. ಬ್ರಿಟಿಷ್ ಬ್ರಿಗೇಡಿಯರ್ ತನ್ನ ಮೇಲಿನ ಅಮೆರಿಕನ್ ಜನರಲ್‌ಗೆ "ಪರಿಸ್ಥಿತಿ ಸ್ವಲ್ಪ ಬಿಗಿಯಾಗಿದೆ, ಸರ್" ಎಂಬರ್ಥದ ಮಾತು ಹೇಳಿದರಂತೆ. ಬ್ರಿಟಿಷ್ ಕಿವಿಗೆ ಅದು ಸರ್ವನಾಶದ ಸೂಚನೆ. ಅಮೆರಿಕನ್ ಕಿವಿಗೆ ಕಷ್ಟವಿದೆ ಆದರೆ ನಿಭಾಯಿಸುತ್ತಿದ್ದಾರೆ ಎಂದು ಕೇಳಿಸಿತು ಎಂಬುದು ಆ ಕದನದ ಬಗ್ಗೆ ಇಂದಿಗೂ ಹೇಳುವ ಮಾತು. ಬೆಟಾಲಿಯನ್‌ನಲ್ಲಿ ತಪ್ಪಿಸಿಕೊಂಡು ಬಂದವರು ಬಹಳ ಕಡಿಮೆ, ಉಳಿದವರಲ್ಲಿ ಹೆಚ್ಚಿನವರು ಸೆರೆಯಾದರು.

ಕಚೇರಿಯಲ್ಲಿ ದಿನವೂ ಬರುವ ಕೆಲವನ್ನು ನೋಡಿ. 'ನಾಟ್ ಬ್ಯಾಡ್' ಎಂದರೆ ಪರವಾಗಿಲ್ಲ ಎಂದಲ್ಲ, ಚೆನ್ನಾಗಿದೆ ಎಂದು. 'ಕ್ವೈಟ್ ಗುಡ್' ಎಂದರೆ ತುಂಬಾ ಚೆನ್ನಾಗಿದೆ ಎಂದು ಅಮೆರಿಕದವರು ತಿಳಿಯುತ್ತಾರೆ. ಬ್ರಿಟಿಷರು 'ಕ್ವೈಟ್' ಮೇಲೆ ಒತ್ತು ಕೊಟ್ಟು ಹೇಳಿದರೆ ಅದು ಸಾಧಾರಣ, ನಿರೀಕ್ಷೆ ಮುಟ್ಟಿಲ್ಲ ಎಂದರ್ಥ. 'ಐ ವಿಲ್ ಬೇರ್ ಇಟ್ ಇನ್ ಮೈಂಡ್' ಎಂದರೆ ವಿಷಯ ಅಲ್ಲಿಗೆ ಮುಗಿಯಿತು. ಮದುವೆಗೆ ಹೆಣ್ಣು ನೋಡಿ ಹೋದವರು "ನೋಡೋಣ, ಊರಿಗೆ ಹೋಗಿ ತಿಳಿಸ್ತೀವಿ" ಎಂದಾಗ ನಮ್ಮಲ್ಲಿ ಯಾರಿಗೂ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಆ "ನೋಡೋಣ" ಇದೆಯಲ್ಲ, ಅದೇ ಇದು. 'ವಿತ್ ರೆಸ್ಪೆಕ್ಟ್' ಎಂದು ಶುರುವಾದ ವಾಕ್ಯದಲ್ಲಿ ಮುಂದೆ ಬರುವುದು ನೀವು ಹೇಳಿದ್ದು ತಪ್ಪು ಎನ್ನುವ ಮಾತು.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು 'ಯು ಮೈಟ್ ವಾಂಟ್ ಟು' ಎಂದು ಶುರುವಾಗುವ ಸಲಹೆಗಳಲ್ಲಿ. ಮ್ಯಾನೇಜರ್ ಹಾಗೆ ಹೇಳಿದರೆ ಅದು ಸಲಹೆಯಲ್ಲ, ಸೂಚನೆ. ಬೆಂಗಳೂರಿನಿಂದ ಲಂಡನ್ ತಂಡದೊಂದಿಗೆ ಕೆಲಸ ಮಾಡುವವರಲ್ಲಿ ಈ ತಪ್ಪು ಮತ್ತೆ ಮತ್ತೆ ಆಗುತ್ತದೆ: "ಮೂರನೇ ಭಾಗವನ್ನು ಇನ್ನೊಮ್ಮೆ ನೋಡಬಹುದೇನೋ" ಎಂಬ ಮಾತನ್ನು ಬಿಡುವಾದಾಗ ಮಾಡುವ ಕೆಲಸ ಎಂದು ಬದಿಗಿಡುತ್ತಾರೆ, ವಾರದ ಕೊನೆಗೆ ಏಕೆ ಮಾಡಿಲ್ಲ ಎಂಬ ಪ್ರಶ್ನೆ ಬರುತ್ತದೆ. ಇದಕ್ಕೆ ಪರಿಹಾರ ಸರಳ. ಸಭೆ ಮುಗಿದ ಕೂಡಲೇ ಎರಡು ಸಾಲು ಬರೆದು ಕಳಿಸಿ: ಮೂರನೇ ಭಾಗ ಬದಲಿಸುತ್ತಿದ್ದೇನೆ, ಗುರುವಾರ ಕೊಡುತ್ತೇನೆ, ಸರಿಯೇ? ಬರೆದು ಕೇಳಿದರೆ ಅವರು ಹೌದು ಅಥವಾ ಬೇಡ ಎಂದು ಸ್ಪಷ್ಟವಾಗಿಯೇ ಉತ್ತರಿಸುತ್ತಾರೆ.

ಅವರು ಎಲ್ಲದಕ್ಕೂ ಸಾರಿ ಹೇಳುತ್ತಾರೆ ಎನ್ನುವುದೂ ನಿಜ, ಆದರೆ ಅದರಲ್ಲಿ ಹೆಚ್ಚಿನವು ಕ್ಷಮೆಯಲ್ಲ. ಕೊನೆಯಲ್ಲಿ ದನಿ ಏರಿಸಿ 'ಸಾರಿ?' ಎಂದರೆ ಏನಂದಿರಿ ಎಂದು. ತುಂಡಾಗಿ ಹೇಳಿ ಪಕ್ಕದಲ್ಲಿ ಹಾದುಹೋದರೆ ದಾರಿ ಬಿಡಿ ಎಂದು. 'ಸಾರಿ, ಬಟ್' ಎಂದರೆ ದೂರು ಶುರುವಾಯಿತು. ಅವರ ಕಾಲನ್ನು ನೀವು ತುಳಿದರೂ ಅವರೇ ಸಾರಿ ಎನ್ನುವುದು, ಇಬ್ಬರ ನಡುವೆ ಆದ ಮುಜುಗರವನ್ನು ಅಲ್ಲೇ ಮುಗಿಸಲು. ನಿಜವಾದ ಕ್ಷಮೆಯಲ್ಲಿ ಮಾಡಿದ ತಪ್ಪಿನ ಹೆಸರು ಇರುತ್ತದೆ. ಕಾನೂನು ಕೂಡ ಇದನ್ನು ಗುರುತಿಸಿದೆ. ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಅನ್ವಯಿಸುವ 2006ರ ಪರಿಹಾರ ಕಾಯ್ದೆಯ 2ನೇ ಕಲಮಿನ ಪ್ರಕಾರ, ಕ್ಷಮೆ ಕೇಳಿದ ಮಾತ್ರಕ್ಕೆ ನಿರ್ಲಕ್ಷ್ಯವನ್ನು ಒಪ್ಪಿಕೊಂಡಂತೆ ಆಗುವುದಿಲ್ಲ.

ಭಾವನೆ ತೋರಿಸದ ಗಟ್ಟಿಮುಖವೂ ಇದೇ ಮಾತಿನ ಗುಂಪಿಗೆ ಸೇರಿದ್ದು. ಇದು ಅವರ ಹುಟ್ಟುಗುಣವೇನಲ್ಲ. 18ನೇ ಶತಮಾನದಲ್ಲಿ ಗಂಡಸರು ಎಲ್ಲರೆದುರು ಅಳುವುದು ಸಾಮಾನ್ಯವಾಗಿತ್ತು. 1791ರಲ್ಲಿ ಸಂಸದ ಎಡ್ಮಂಡ್ ಬರ್ಕ್ ಸ್ನೇಹ ಕಡಿದುಕೊಂಡಾಗ ಇನ್ನೊಬ್ಬ ಸಂಸದ ಚಾರ್ಲ್ಸ್ ಜೇಮ್ಸ್ ಫಾಕ್ಸ್ ಪಾರ್ಲಿಮೆಂಟಿನಲ್ಲೇ ಕಣ್ಣೀರು ಹಾಕಿದರು. ಸಾಮ್ರಾಜ್ಯ ಆಳಲು ಹುಡುಗರನ್ನು ತಯಾರು ಮಾಡುವ ವಸತಿಶಾಲೆಗಳು 19ನೇ ಶತಮಾನದಲ್ಲಿ ಬೆಳೆದಂತೆ ಅಳು ಅವಮಾನವಾಯಿತು. ಕನ್ನಡ ನಾಡಿಗೆ ಕಲೆಕ್ಟರಾಗಿ ಬಂದು ಹೋದವರಲ್ಲಿ ಹಲವರು ಅಂಥ ಶಾಲೆಗಳಿಂದ ಬಂದವರು, ಹಾಗಾಗಿ ನಮ್ಮ ಹಿರಿಯರು ಕಂಡ ಬ್ರಿಟಿಷ್ ಮುಖ ಹೆಚ್ಚಾಗಿ ಅದೇ. 1997ರಲ್ಲಿ ಡಯಾನಾ ತೀರಿಕೊಂಡಾಗ ಬೀದಿಬೀದಿಗಳಲ್ಲಿ ಅತ್ತ ಜನರನ್ನು ಜಗತ್ತು ಟಿ.ವಿ.ಯಲ್ಲಿ ನೋಡಿತು.

ಊಟ, ಹಲ್ಲು, ಎರಡು ನಲ್ಲಿ

ಊಟ ಸಪ್ಪೆ ಎನ್ನುವುದು ಎಲ್ಲಕ್ಕಿಂತ ಹಳಸಿದ ಮಾತು. ಅದು ಎಲ್ಲಿಂದ ಬಂತು ಎಂದು ನೋಡಿದರೆ ಮರುಕವಾಗುತ್ತದೆ. 1940ರ ಜನವರಿ 8ರಿಂದ 1954ರ ಜುಲೈ 4ರವರೆಗೆ, ಅಂದರೆ ಹದಿನಾಲ್ಕೂವರೆ ವರ್ಷ, ಪಡಿತರ ಇತ್ತು. ಒಬ್ಬ ವಯಸ್ಕರಿಗೆ ವಾರಕ್ಕೆ ಸಾಮಾನ್ಯವಾಗಿ ಸಿಗುತ್ತಿದ್ದುದು 57 ಗ್ರಾಂ ಬೆಣ್ಣೆ, ಅಷ್ಟೇ ಚೀಸ್, ಅಷ್ಟೇ ಚಹಾ ಸೊಪ್ಪು, 227 ಗ್ರಾಂ ಸಕ್ಕರೆ, ಒಂದು ಮೊಟ್ಟೆ. ಯುದ್ಧದಲ್ಲಿ ಪಡಿತರವಿಲ್ಲದೆ ಸಿಗುತ್ತಿದ್ದ ಬ್ರೆಡ್ಡಿಗೂ ಯುದ್ಧ ಮುಗಿದ ಮೇಲೆ, 1946ರಿಂದ 1948ರವರೆಗೆ, ಪಡಿತರ ಬಂತು. ಚೀಸ್‌ಗೆ ಹೋಗುವ ಹಾಲನ್ನು ಹೆಚ್ಚಾಗಿ ಒಂದೇ ಬಗೆಯ ಸರ್ಕಾರಿ ಚೆಡ್ಡರ್ ಚೀಸ್ ಮಾಡಲು ತಿರುಗಿಸಿದ್ದರಿಂದ ಊರೂರಿನ ಚೀಸ್ ಮಾಡುವವರು ಕಸುಬು ಬಿಟ್ಟರು. ಒಂದಿಡೀ ಪೀಳಿಗೆ ಒಳ್ಳೆಯ ಪದಾರ್ಥ ಕೈಯಲ್ಲಿ ಹಿಡಿಯದೆಯೇ ಅಡುಗೆ ಕಲಿಯಿತು. ಅಮೆರಿಕದ ಸೈನಿಕರು ಅಲ್ಲಿ ಉಂಡದ್ದು ಆ ಕಾಲದಲ್ಲಿ. ಮಾತು ಅವರ ಜೊತೆ ಜಗತ್ತಿಗೆ ಹೋಯಿತು.

ಈಗಿನ ಊಟದಲ್ಲಿ ವಲಸೆಯ ಕೈ ಎಲ್ಲೆಲ್ಲೂ ಇದೆ. ಕರಿದ ಮೀನನ್ನು ತಂದವರು ಐಬೀರಿಯಾದಿಂದ, ಅಂದರೆ ಸ್ಪೇನ್, ಪೋರ್ಚುಗಲ್ ಕಡೆಯಿಂದ, ಬಂದ ಯಹೂದಿಗಳು. 1810ರಲ್ಲೇ ಬಿಹಾರ ಮೂಲದ ಶೇಖ್ ದೀನ್ ಮಹಮದ್ ಲಂಡನ್ನಿನಲ್ಲಿ ಭಾರತೀಯ ಊಟದ ಮನೆ ತೆರೆದಿದ್ದರು. ಎರಡೇ ವರ್ಷದಲ್ಲಿ ದಿವಾಳಿಯಾದರು. ನಂತರ ಬ್ರೈಟನ್‌ಗೆ ಹೋಗಿ ಚಂಪಿ ಮಾಲೀಸಿನ ಸ್ನಾನಗೃಹ ನಡೆಸಿ ಹೆಸರಾದರು, 'ಶಾಂಪೂ' ಎಂಬ ಪದ ಬಂದದ್ದು ಆ ಚಂಪಿಯ ಬೇರಿನಿಂದಲೇ. 2001ರಲ್ಲಿ ವಿದೇಶಾಂಗ ಸಚಿವ ರಾಬಿನ್ ಕುಕ್ ಚಿಕನ್ ಟಿಕ್ಕಾ ಮಸಾಲವನ್ನು ಬ್ರಿಟನ್ನಿನ ನಿಜವಾದ ರಾಷ್ಟ್ರೀಯ ತಿನಿಸು ಎಂದು ಕರೆದರು.

ಹಲ್ಲಿನ ಮಾತು ಅಮೆರಿಕದವರು ಹಬ್ಬಿಸಿದ್ದು, ಒಂದು ಕಾಲಕ್ಕೆ ಸರಿಯೂ ಆಗಿತ್ತು. 1968ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ವಯಸ್ಕರಲ್ಲಿ ಶೇ 37 ಜನರಿಗೆ ಒಂದೂ ಸ್ವಂತ ಹಲ್ಲಿರಲಿಲ್ಲ. 2009ರ ಹೊತ್ತಿಗೆ ಅದು ಶೇ 6. 2015ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಹೋಲಿಕೆಯಲ್ಲಿ ಅಮೆರಿಕದ ವಯಸ್ಕರು ಸರಾಸರಿ 7.31 ಹಲ್ಲು ಕಳೆದುಕೊಂಡಿದ್ದರೆ ಇಂಗ್ಲೆಂಡಿನವರು 6.97. ಹಲ್ಲು ಬೆಳ್ಳಗೆ ಮಾಡಿಸಿ ಸಾಲಾಗಿ ಜೋಡಿಸಿಕೊಳ್ಳುವ ಹುಚ್ಚು ಕಡಿಮೆ ಇರುವುದನ್ನೇ ರೋಗ ಎಂದು ಓದಿದ್ದಾರೆ. ಆದರೆ ಈ ಮಾತಿನ ಹಿಂದೆ ನಿಜವಾದ ಸಂಕಟವೊಂದು ಮರೆಯಾಗಿದೆ. ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ದಂತವೈದ್ಯರು ಹಲವು ಊರುಗಳಲ್ಲಿ ಹೊಸ ರೋಗಿಗಳನ್ನು ಸೇರಿಸಿಕೊಳ್ಳುತ್ತಿಲ್ಲ, ಖಾಸಗಿ ಚಿಕಿತ್ಸೆ ದುಬಾರಿ. ಓದಲು ಅಥವಾ ಕೆಲಸಕ್ಕೆ ಹೋಗುವವರು ಹಲ್ಲಿನ ಕೆಲಸ ಬಾಕಿ ಇದ್ದರೆ ಇಲ್ಲೇ ಮುಗಿಸಿಕೊಂಡು ವಿಮಾನ ಹತ್ತಬೇಕು.

ಒಂದೇ ಬೇಸಿನ್ನಿಗೆ ಬಿಸಿನೀರಿಗೊಂದು ತಣ್ಣೀರಿಗೊಂದು ಬೇರೆ ನಲ್ಲಿ, ಒಂದರಲ್ಲಿ ಕೈ ಸುಡುತ್ತದೆ, ಇನ್ನೊಂದರಲ್ಲಿ ಮರಗಟ್ಟುತ್ತದೆ ಎನ್ನುವ ದೂರಿಗೂ ಕಾರಣವಿದೆ. ಹಳೆಯ ಮನೆಗಳಲ್ಲಿ ತಣ್ಣೀರು ಬೀದಿಯ ಕೊಳವೆಯಿಂದ ನೇರ ಬರುತ್ತದೆ, ಒತ್ತಡ ಹೆಚ್ಚು, ಕುಡಿಯಲು ಯೋಗ್ಯ. ಬಿಸಿನೀರು ಅಟ್ಟದ ಮೇಲಿನ ಟ್ಯಾಂಕಿನಿಂದ ಇಳಿದು ಬರುತ್ತದೆ, ಒತ್ತಡ ಕಡಿಮೆ. ಆ ಟ್ಯಾಂಕಿಗೆ ಸರಿಯಾದ ಮುಚ್ಚಳ ಇರದೆ ಹಕ್ಕಿಯೋ ಇಲಿಯೋ ಬೀಳಬಹುದಿತ್ತು. ಎರಡನ್ನೂ ಒಂದೇ ನಲ್ಲಿಯೊಳಗೆ ಬೆರೆಸಿದರೆ ಟ್ಯಾಂಕಿನ ನೀರು ಹಿಮ್ಮುಖವಾಗಿ ಊರಿನ ಕುಡಿಯುವ ನೀರಿಗೆ ಸೇರೀತು ಎಂದು ನಿಯಮಗಳು ತಡೆದಿದ್ದವು. ಬೇಸಿನ್ನಿನ ತೂತಿಗೆ ಬಿರಡೆ ಹಾಕಿ ಎರಡನ್ನೂ ತುಂಬಿಸಿ ಬೆರೆಸಿಕೊಳ್ಳುವುದು ಅಲ್ಲಿಯ ಕ್ರಮ. ಹೊಸ ಮನೆಗಳಲ್ಲಿ ಒಂದೇ ನಲ್ಲಿ ಬಂದಿದೆ.

ಟಿ.ವಿ.ಯ ಇಂಗ್ಲಿಷ್, ವಾರ್ಡಿನ ಇಂಗ್ಲಿಷ್

ಬ್ರಿಟಿಷರೆಲ್ಲ ಸುದ್ದಿವಾಚಕರಂತೆ ಮಾತಾಡುತ್ತಾರೆ ಎಂದುಕೊಂಡು ಹೋದವರಿಗೆ ಮೊದಲ ವಾರವೇ ಆಘಾತ. 'ರಿಸೀವ್ಡ್ ಪ್ರನನ್ಸಿಯೇಷನ್' ಎಂಬ ಆ ಉಚ್ಚಾರಣೆ ಜನಸಂಖ್ಯೆಯ ಶೇ 3ರಷ್ಟು ಜನರದು ಎಂದು ಭಾಷಾವಿಜ್ಞಾನಿ ಪೀಟರ್ ಟ್ರಡ್ಗಿಲ್ 1970ರ ದಶಕದಲ್ಲಿ ಅಂದಾಜಿಸಿದ್ದರು. ಲಿವರ್‌ಪೂಲ್, ನ್ಯೂಕ್ಯಾಸಲ್, ಬರ್ಮಿಂಗ್‌ಹ್ಯಾಮ್, ಗ್ಲಾಸ್ಗೋ, ಒಂದೊಂದಕ್ಕೂ ಒಂದೊಂದು ಜಾಡು. ಕುಂದಾಪುರದವರೂ ಕಲಬುರಗಿಯವರೂ ತಮ್ಮ ತಮ್ಮ ಮನೆಮಾತಿನ ಕನ್ನಡದಲ್ಲೇ ಎದುರು ಬದುರು ಕೂತಂತೆ. ಅಂಗೈಯಗಲದ ದುಂಡು ಬ್ರೆಡ್ಡಿಗೇ ಊರಿಗೊಂದು ಹೆಸರು: ಮ್ಯಾಂಚೆಸ್ಟರಿನಲ್ಲಿ 'ಬಾರ್ಮ್', ನಾಟಿಂಗ್‌ಹ್ಯಾಮಿನಲ್ಲಿ 'ಕಾಬ್', ಬೇರೆಡೆ 'ಬ್ಯಾಪ್' ಅಥವಾ 'ರೋಲ್'. 1941ರಲ್ಲಿ ಯಾರ್ಕ್‌ಷೈರಿನ ವಿಲ್ಫ್ರೆಡ್ ಪಿಕಲ್ಸ್ ತನ್ನೂರಿನ ದನಿಯಲ್ಲೇ ಬಿಬಿಸಿ ವಾರ್ತೆ ಓದಿದಾಗ ಕೇಳುಗರಿಂದ ದೂರುಗಳು ಬಂದಿದ್ದವು. ಈಗ ಅಂಥ ದನಿಗಳು ದಿನವೂ ಕೇಳುತ್ತವೆ.

ಕರ್ನಾಟಕದ ಕಾಲೇಜುಗಳಲ್ಲಿ ನರ್ಸಿಂಗ್ ಓದಿ ಎನ್‌ಎಚ್‌ಎಸ್ ಆಸ್ಪತ್ರೆಗಳಿಗೆ ಹೋಗುವವರಿಗೆ ಇದು ಬರಿಯ ಕುತೂಹಲದ ವಿಷಯವಲ್ಲ. ಪರೀಕ್ಷೆಯ ಇಂಗ್ಲಿಷಿನಲ್ಲಿ ಒಳ್ಳೆಯ ಅಂಕ ಬಂದಿರುತ್ತದೆ, ವಾರ್ಡಿನ ಇಂಗ್ಲಿಷ್ ಬೇರೆ. 'ಪೂರ್ಲಿ' ಎಂದರೆ ಮೈ ಸರಿಯಿಲ್ಲ. 'ವಾಟರ್‌ವರ್ಕ್ಸ್' ಎಂದರೆ ಮೂತ್ರದ ವಿಚಾರ. 'ಬ್ಯಾಕ್ ಪ್ಯಾಸೇಜ್' ಎಂದರೆ ಗುದದ್ವಾರ. ವಯಸ್ಸಾದ ಅಜ್ಜಿ 'ಸ್ಪೆಂಡ್ ಎ ಪೆನ್ನಿ' ಎಂದರೆ ದುಡ್ಡಿನ ಮಾತಲ್ಲ, ಬೇಗ ಶೌಚಕ್ಕೆ ಕರೆದುಕೊಂಡು ಹೋಗಬೇಕು. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಜಾರ್ಜ್ ಜೆನಿಂಗ್ಸ್ ಇಟ್ಟ ಸಾರ್ವಜನಿಕ ಶೌಚಾಲಯಕ್ಕೆ ಒಂದು ಪೆನ್ನಿ ಕೊಡಬೇಕಿತ್ತು, ಮುಂದೆಯೂ ಬಹುಕಾಲ ಅದೇ ದರವಿತ್ತು. ಮಾತು ಹಾಗೇ ಉಳಿಯಿತು.

ಇಲ್ಲಿಯೂ ಅಪಾಯ ಇರುವುದು ಆ ಚಿಕ್ಕದಾಗಿ ಹೇಳುವ ಅಭ್ಯಾಸದಲ್ಲೇ. ಎಂಬತ್ತರ ಮುದುಕರೊಬ್ಬರು ಎದೆಯ ಮೇಲೆ ಕೈಯಿಟ್ಟುಕೊಂಡು "ಸ್ವಲ್ಪ ಕಸಿವಿಸಿ, ತೊಂದರೆ ತಗೋಬೇಡಿ, ನೀವು ಬೇರೆಯವರನ್ನು ನೋಡಿ" ಎಂಬರ್ಥದಲ್ಲಿ 'ಎ ಬಿಟ್ ಆಫ್ ಡಿಸ್ಕಂಫರ್ಟ್' ಎನ್ನಬಹುದು. ಹೃದಯಾಘಾತದಲ್ಲೂ ಅಷ್ಟೇ ಹೇಳುವವರಿದ್ದಾರೆ. ಆ ಮಾತನ್ನು ಹಾಗೇ ಬರೆದುಕೊಂಡು ಮುಂದಿನ ಹಾಸಿಗೆಗೆ ಹೋಗಬಾರದು. ಸೊನ್ನೆ ಎಂದರೆ ನೋವೇ ಇಲ್ಲ, ಹತ್ತು ಎಂದರೆ ತಡೆಯಲಾರದಷ್ಟು, ನಿಮ್ಮದು ಎಷ್ಟು ಎಂದು ಸಂಖ್ಯೆ ಕೇಳಬೇಕು. ಎಲ್ಲಿಂದ ಎಲ್ಲಿಗೆ ಹರಿಯುತ್ತಿದೆ, ತೋಳಿಗೋ ದವಡೆಗೋ ಬರುತ್ತಿದೆಯೇ, ಬೆವರುತ್ತಿದೆಯೇ ಎಂದು ಕೇಳಬೇಕು, ಮುಖವನ್ನೂ ಕೈಬೆರಳುಗಳನ್ನೂ ನೋಡಬೇಕು. ಅದೇ ಮನುಷ್ಯ ಸಂಖ್ಯೆ ಕೇಳಿದಾಗ ಒಂದು ಕ್ಷಣ ಯೋಚಿಸಿ, ಎಂಟು ಎನ್ನಬಹುದು.